ಹಿಟ್ಟಿನ ಕೋಳಿಯೂ ಬೆಳ್ಳಿತೆರೆಯೂ

ಚಲನಚಿತ್ರವೆಂಬುದು ಕಾಲಹರಣದ ಸಾಧನ, ಅದಕ್ಕೂ ಧರ್ಮವಿಚಾರಕ್ಕೂ ಏನು ಸಂಬಂಧ ಎಂದು ಸಮಾಜದ ಹಿರಿಯರು ಕೇಳುವುದುಂಟು. ಶ್ರಾವಕಾಚಾರದ ಗ್ರಂಥಗಳು ಹೇಳುವ ‘ದುಃಶ್ರುತಿ’ಯ, ಎಂದರೆ ಮನಸ್ಸನ್ನು ಕದಡುವ ಕಥೆಗಳನ್ನು ಕೇಳುವುದರ ಸಾಲಿಗೆ ಸಿನಿಮಾವನ್ನು ಸೇರಿಸಿ ಅಲ್ಲಿಗೇ ಮಾತು ಮುಗಿಸುವುದೂ ಉಂಟು. ಆದರೆ ಮನೆಮನೆಯಲ್ಲಿ ಟಿ.ವಿ.ಯೂ ಕೈಕೈಯಲ್ಲಿ ಮೊಬೈಲ್ ಫೋನೂ ಇರುವ ಕಾಲದಲ್ಲಿ, ನೋಡಬೇಡಿರಿ ಎಂಬ ಉಪದೇಶಕ್ಕಿಂತ ನೋಡುವವನ ಅಂತರಂಗದಲ್ಲಿ ಆ ಹೊತ್ತು ಏನು ನಡೆಯುತ್ತದೆ ಎಂಬ ವಿಚಾರವೇ ಹೆಚ್ಚು ಪ್ರಯೋಜನಕರ. ನಿರ್ದೇಶನ, ಅಭಿನಯ, ಸಂಗೀತಗಳನ್ನು ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಟಿಕೇಟು ಕೊಂಡು ಬೆಂಚಿನ ಮೇಲೆ ಕುಳಿತ ಸಾಮಾನ್ಯ ಪ್ರೇಕ್ಷಕನ ಮನಸ್ಸಿನ ಲೆಕ್ಕ ಮಾತ್ರ ಎಲ್ಲಿಯೂ ಬರೆಯಲ್ಪಟ್ಟಿಲ್ಲ.

ಅಂತಹ ಒಂದು ಲೆಕ್ಕವನ್ನು ಇಟ್ಟವರು ಬ್ಯಾಡರಹಳ್ಳಿಯ ಗೃಹಸ್ಥರೊಬ್ಬರು. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯನ್ನು ದಾಟಿದ ಮೇಲೆ ಬರುವ ಈ ಊರು ಈಗ ಬೆಂಗಳೂರಿನೊಳಗೆ ಸೇರಿಹೋಗಿದೆ. ಮಾಗಡಿ ಕಡೆಯ ರೈತ ಕುಟುಂಬದಲ್ಲಿ ಹುಟ್ಟಿ, ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ದುಡಿದು ನಿವೃತ್ತರಾದ ಅವರಿಗೆ ಬಾಲ್ಯದ ಟೆಂಟ್ ಸಿನಿಮಾದಿಂದ ಹಿಡಿದು ಪ್ರಸನ್ನ, ನವರಂಗ್ ಚಿತ್ರಮಂದಿರಗಳವರೆಗೆ ಚಿತ್ರ ನೋಡುವುದೇ ಒಂದು ವ್ಯಸನವಾಗಿತ್ತು. ನಿವೃತ್ತಿಯ ನಂತರ ಹಳೆಯ ಕನ್ನಡ ಚಿತ್ರಗಳನ್ನು ಮನೆಯಲ್ಲಿಯೇ ಮತ್ತೆ ನೋಡುತ್ತ, ರೂಲುಹಾಕಿದ ಒಂದು ಪುಸ್ತಕದಲ್ಲಿ ಟಿಪ್ಪಣಿ ಬರೆದಿಟ್ಟರು. ಎಡಪುಟದಲ್ಲಿ ‘ಆಗ’, ಬಲಪುಟದಲ್ಲಿ ‘ಈಗ’ ಎಂದು ಎರಡು ತಲೆಬರಹ. ಮೊದಲು ನೋಡಿದಾಗ ಏನನ್ನಿಸಿತು, ಇಂದು ಏನನ್ನಿಸಿತು ಎಂಬುದಷ್ಟೇ ಅದರಲ್ಲಿರುವುದು. ಅವರು ಜೈನರಲ್ಲ, ಪಂಡಿತರೂ ಅಲ್ಲ. ಆದರೂ ಈ ಎರಡು ಪುಟಗಳ ನಡುವಿನ ಅಂತರವನ್ನು ಶ್ರಾವಕನಾದವನು ಗಮನವಿಟ್ಟು ನೋಡಬೇಕಾಗಿದೆ.

ಮೊದಲ ಟಿಪ್ಪಣಿ ‘ಬೇಡರ ಕಣ್ಣಪ್ಪ’ ಚಿತ್ರದ ಮೇಲಿನದು. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ 1954ರಲ್ಲಿ ತೆರೆಕಂಡ ಈ ಚಿತ್ರದಿಂದಲೇ ರಾಜಕುಮಾರ್ ನಾಯಕನಟರಾದರು. ಬೇಡರನ್ನು ನೆನಪಿಗೆ ತರುವ ಹೆಸರಿನ ಊರಿನಲ್ಲಿ ನೆಲೆಸಿರುವುದರಿಂದ ಈ ಚಿತ್ರ ತಮ್ಮೂರಿನದೇ ಎಂಬ ಅಭಿಮಾನ ಈ ಪ್ರೇಕ್ಷಕರಿಗೆ. ಬಾಲ್ಯದಲ್ಲಿ ಟೆಂಟಿನಲ್ಲಿ ನೋಡಿ, ಕಣ್ಣಪ್ಪ ತನ್ನ ಕಣ್ಣನ್ನು ಕಿತ್ತು ಶಿವನಿಗೆ ಕೊಡುವಲ್ಲಿ ಅತ್ತದ್ದನ್ನು ಎಡಪುಟದಲ್ಲಿ ಬರೆದಿದ್ದಾರೆ. ಬಲಪುಟದಲ್ಲಿಯೂ ಅತ್ತದ್ದನ್ನೇ ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದಾರೆ: “ಕಣ್ಣು ಕೊಟ್ಟದ್ದಕ್ಕೆ ಅತ್ತೆ. ಆ ಮಾಂಸದ ನೈವೇದ್ಯಕ್ಕೆ ಸತ್ತ ಪ್ರಾಣಿಗೆ ಯಾರೂ ಅಳಲಿಲ್ಲವಲ್ಲ.”

ಅಹಿಂಸೆಯ ಪರಂಪರೆಯವರು ಈ ಕಥೆಯ ಮುಂದೆ ಮುಜುಗರಪಡುವುದು ಸಹಜ. ಭಕ್ತಿಯನ್ನು ಮೆಚ್ಚಿದರೆ ಹಿಂಸೆಯನ್ನು ಒಪ್ಪಿದಂತಾಗುವುದೋ, ಹಿಂಸೆಯನ್ನು ಖಂಡಿಸಿದರೆ ಭಕ್ತಿಯನ್ನು ಹೀನೈಸಿದಂತಾಗುವುದೋ ಎಂಬ ಸಂದೇಹ. ಬ್ಯಾಡರಹಳ್ಳಿಯ ಪ್ರೇಕ್ಷಕರು ನಯವಾದದ ಹೆಸರನ್ನೂ ಕೇಳದೆ ಎರಡನ್ನೂ ಒಂದೇ ಪುಟದಲ್ಲಿ ಹಿಡಿದಿದ್ದಾರೆ. ಒಂದು ದೃಷ್ಟಿಯಿಂದ ಅಲ್ಲಿ ತನ್ನ ದೇಹವನ್ನೇ ಕೊಡುವ ನಿರ್ಮಮತೆ ಇದೆ, ಇನ್ನೊಂದು ದೃಷ್ಟಿಯಿಂದ ಅನ್ಯಜೀವದ ವಧೆ ಇದೆ. ಒಂದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ. ಜೈನ ಪುರಾಣಗಳಲ್ಲಿ ಕಾಗೆಯ ಮಾಂಸವನ್ನೊಂದನ್ನು ಬಿಡುತ್ತೇನೆಂದು ವ್ರತ ತೊಟ್ಟು, ರೋಗದಲ್ಲಿಯೂ ಅದನ್ನು ಮುರಿಯದ ಖದಿರಸಾರನೆಂಬ ಬೇಡನ ಕಥೆ ಬರುತ್ತದೆ. ಮುಂದೆ ಶ್ರೇಣಿಕ ಮಹಾರಾಜನಾಗಿ ಹುಟ್ಟಿದ ಜೀವವೇ ಅದು. ಬೇಡನನ್ನು ಹೀಗಳೆಯದೆ ಅವನೊಳಗಿನ ಒಂದು ಅಣುವ್ರತದ ಬೆಳಕನ್ನು ಗುರುತಿಸುವ ದೃಷ್ಟಿ ಪರಂಪರೆಯಲ್ಲಿಯೇ ಇದೆಯೆಂಬುದನ್ನು ಮರೆಯಲಾಗದು.

ಎರಡನೆಯದು 1971ರ ‘ಕಸ್ತೂರಿ ನಿವಾಸ’. ದೊರೆ–ಭಗವಾನ್ ಜೋಡಿಯ ಈ ಚಿತ್ರದ ನಾಯಕ ರವಿವರ್ಮ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಕೊಡುವುದನ್ನೇ ಬಲ್ಲ, ಬೇಡುವುದನ್ನು ಅರಿಯದ ಮನುಷ್ಯ. ತಾನು ನಂಬಿ ಬೆಳೆಸಿದವನೇ ಪ್ರತಿಸ್ಪರ್ಧಿಯಾಗಿ ನಿಲ್ಲಲು, ಸಂಪತ್ತೆಲ್ಲ ಕರಗಿಹೋಗುತ್ತದೆ. ಕೊನೆಗೆ ಮನೆಗೆ ಬಂದ ಅತಿಥಿಗೆ ಊಟವಿಕ್ಕುವುದಕ್ಕಾಗಿ ತನ್ನ ಪ್ರೀತಿಯ ಪಾರಿವಾಳವನ್ನೇ ತೆತ್ತಿರುತ್ತಾನೆ; ಅತಿಥಿ ಬಂದದ್ದು ಆ ಪಾರಿವಾಳವನ್ನು ಕೇಳುವುದಕ್ಕೆಂದೇ. ಕೊಡಲಾಗಲಿಲ್ಲವೆಂಬ ಸಂಕಟದಲ್ಲಿ ಅವನು ಪ್ರಾಣಬಿಡುತ್ತಾನೆ. ಎಷ್ಟು ಉರುಳಿಸಿದರೂ ಎದ್ದು ನಿಲ್ಲುವ ಬೊಂಬೆಯ ಹಾಡು ಇಂದಿಗೂ ಕನ್ನಡಿಗರ ಬಾಯಲ್ಲಿದೆ. 2014ರಲ್ಲಿ ಇದೇ ಚಿತ್ರ ವರ್ಣದಲ್ಲಿ ಮತ್ತೆ ಬಿಡುಗಡೆಯಾಯಿತು.

ಈ ಚಿತ್ರದ ವಿಷಯದಲ್ಲಿ ಪ್ರೇಕ್ಷಕರ ‘ಆಗ’ಕ್ಕೂ ‘ಈಗ’ಕ್ಕೂ ವ್ಯತ್ಯಾಸವಿಲ್ಲ. ದಾನವೆಂದರೆ ಇದು ಎಂದು ಎರಡು ಪುಟಗಳಲ್ಲಿಯೂ ಬರೆದಿದ್ದಾರೆ. ಇಲ್ಲಿ ಅವರ ಮೆಚ್ಚುಗೆಯನ್ನು ಸ್ವಲ್ಪ ತಡೆದು ನೋಡಬೇಕಾಗಿದೆ. ತತ್ತ್ವಾರ್ಥಸೂತ್ರವು ದಾನದ ವಿಶೇಷವನ್ನು ಅಳೆಯುವುದು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ, ಕೊಟ್ಟ ಮೊತ್ತದಿಂದಲ್ಲ. ರವಿವರ್ಮನು ಪಾತ್ರಾಪಾತ್ರವನ್ನು ನೋಡಲಿಲ್ಲವೆಂಬುದು ವ್ಯಾಪಾರಿಯ ಕಣ್ಣಿಗೆ ಮೊದಲು ಕಾಣುವ ದೋಷ. ಅದಕ್ಕಿಂತ ಸೂಕ್ಷ್ಮವಾದುದು ಇನ್ನೊಂದಿದೆ. ಕೊಟ್ಟ ಕೈ ಎಂದಿಗೂ ಚಾಚಬಾರದೆಂಬ ಅವನ ಹಟದಲ್ಲಿ ಲೋಭವಿಲ್ಲ, ನಿಜ. ಆದರೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಎರಡನೆಯದಾದ ಮಾನವಿದೆ. ಸ್ನೇಹದಿಂದ ಕೊಡಬಂದವರಿಂದ ಸ್ವೀಕರಿಸದಿರುವುದೆಂದರೆ ಅವರಿಗೆ ದಾನದ ಅವಕಾಶವನ್ನೇ ನಿರಾಕರಿಸಿದಂತೆ. ಚಿತ್ರದ ಕರುಣರಸ ಎಷ್ಟು ಬಲವಾಗಿದೆಯೆಂದರೆ ಪ್ರೇಕ್ಷಕನು ಈ ಮಾನವನ್ನೇ ಗುಣವೆಂದು ಮನೆಗೆ ಕೊಂಡೊಯ್ಯುತ್ತಾನೆ. ಇದಕ್ಕೆ ಹೋಲಿಸಿದರೆ, ಮರುವರ್ಷ ಬಂದ ‘ಬಂಗಾರದ ಮನುಷ್ಯ’ದ ರಾಜೀವ ಅಕ್ಕನ ಸಂಸಾರವನ್ನು ಬೆಳೆಸಿ, ಆಪಾದನೆ ಬಂದಾಗ ವಾದಕ್ಕೆ ನಿಲ್ಲದೆ ಎಲ್ಲವನ್ನೂ ಬಿಟ್ಟು ಹೊರಡುವಲ್ಲಿ ಅಪರಿಗ್ರಹದ ಛಾಯೆ ಹೆಚ್ಚು ಸ್ವಚ್ಛವಾಗಿದೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಜನ ಆ ಚಿತ್ರವನ್ನು ನೋಡಿದ್ದು ಹಾಡುಗಳಿಗಾಗಿ ಮಾತ್ರವಲ್ಲ.

ಪುಸ್ತಕದ ಅತಿ ದೀರ್ಘವಾದ ಟಿಪ್ಪಣಿ ‘ಭೂತಯ್ಯನ ಮಗ ಅಯ್ಯು’ವಿನದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆಯನ್ನಾಧರಿಸಿ ಸಿದ್ದಲಿಂಗಯ್ಯ 1974ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ ಭೂತಯ್ಯನಾಗಿ ಎಂ.ಪಿ. ಶಂಕರ್, ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್ ಅಭಿನಯಿಸಿದ್ದಾರೆ. ಭೂತಯ್ಯ ಸಾಲ ಕೊಟ್ಟು ಊರನ್ನೇ ಹಿಂಡಿದ ಸಾಹುಕಾರ. ಅವನು ಸತ್ತಾಗ ಹೆಗಲು ಕೊಡುವುದಕ್ಕೂ ಊರವರಿಗೆ ಮನಸ್ಸಿಲ್ಲ. ತಂದೆಯ ಆಸ್ತಿಯೊಂದಿಗೆ ಊರಿನ ದ್ವೇಷವನ್ನೂ ಅಯ್ಯು ಪಿತ್ರಾರ್ಜಿತವಾಗಿ ಪಡೆಯುತ್ತಾನೆ. ಅಯ್ಯು–ಗುಳ್ಳರ ಹಗೆ ಕೋರ್ಟಿನ ಮೆಟ್ಟಿಲೇರಿ, ಮನೆಯ ಲೂಟಿಯವರೆಗೆ ಹೋಗಿ, ಕಟ್ಟಕಡೆಗೆ ಪ್ರವಾಹದ ನೀರಿನ ನಡುವೆ ಕರಗುತ್ತದೆ.

ಎಡಪುಟದಲ್ಲಿ ಪ್ರೇಕ್ಷಕರು ಬರೆದಿರುವುದು ಇಷ್ಟು: ಹಳ್ಳಿಯಲ್ಲಿ ಅವರ ತಂದೆ ಸಾಹುಕಾರರೊಬ್ಬರಲ್ಲಿ ಸಾಲ ಮಾಡಿದ್ದರು. ಅಸಲಿನ ಎರಡರಷ್ಟು ತೀರಿಸಿದ ಮೇಲೆಯೂ ಪತ್ರ ಕೈಗೆ ಬರಲಿಲ್ಲ. ಚಿತ್ರದಲ್ಲಿ ಸಾಹುಕಾರನ ಮನೆ ಲೂಟಿಯಾಗುವ ದೃಶ್ಯ ಬಂದಾಗ ಇಪ್ಪತ್ತರ ಹರೆಯದ ಅವರು ಬೆಂಚಿನ ಮೇಲೆ ಎದ್ದು ನಿಂತು ಸಿಳ್ಳೆ ಹಾಕಿದರು. “ಅವತ್ತು ನಮ್ಮಪ್ಪನ ಸಾಲ ತೀರಿದ ಹಾಗಾಯಿತು” ಎಂದು ಬರೆದಿದ್ದಾರೆ. ಬಲಪುಟದ ಮಾತು ಬೇರೆ: “ಆಗ ಕಂಡದ್ದು ಲೂಟಿ ಮಾಡುವವರ ಕೈ. ಈಗ ಕಂಡದ್ದು ಲೂಟಿಯಾಗುತ್ತಿರುವ ಮನೆ. ಟಿ.ವಿ. ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.”

ಈ ಎರಡು ಸಾಲುಗಳ ನಡುವೆ ಚಲನಚಿತ್ರ ವಿಮರ್ಶೆಯ ಒಂದು ಮುಖ್ಯ ಪ್ರಶ್ನೆ ಅಡಗಿದೆ. ಅಂದು ಆ ಸಿಳ್ಳೆಯಿಂದ ಯಾರಿಗೂ ಪೆಟ್ಟಾಗಲಿಲ್ಲ, ಯಾರ ಕಣಜವೂ ಬರಿದಾಗಲಿಲ್ಲ. ತೆರೆಯ ಮೇಲೆ ಇದ್ದದ್ದು ಬೆಳಕು ನೆರಳು ಮಾತ್ರ. ಆದ್ದರಿಂದ ಅದು ನಿರ್ದೋಷವೇ?

ಜನ್ನಕವಿಯ ‘ಯಶೋಧರ ಚರಿತೆ’ (1209) ಈ ಪ್ರಶ್ನೆಗೆ ಕನ್ನಡದಲ್ಲಿಯೇ ಉತ್ತರ ಹೇಳಿದೆ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ದೇವಿಗೆ ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ತಾಯಿಮಕ್ಕಳಿಬ್ಬರೂ ಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋವುಣ್ಣಬೇಕಾಯಿತು. ಕತ್ತಿ ಬಿದ್ದದ್ದು ಹಿಟ್ಟಿನ ಮೇಲಾದರೂ ಸಂಕಲ್ಪ ಕೊಲೆಯದೇ ಆಗಿತ್ತು. ರಾಗದ್ವೇಷಗಳ ಉದಯವೇ ಹಿಂಸೆಯೆಂದು ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ ನಿರ್ಣಯಿಸಿರುವುದೂ ಇದನ್ನೇ. ಬೆಳ್ಳಿತೆರೆಯ ಖಳನಾಯಕನೂ ಒಂದು ಹಿಟ್ಟಿನ ಕೋಳಿ. ಅವನು ಸಾಯುವುದಿಲ್ಲ, ಅವನ ಸಾವನ್ನು ಬಯಸಿದ ಭಾವ ಮಾತ್ರ ಬಯಸಿದವನಲ್ಲಿ ಉಳಿಯುತ್ತದೆ. ಮಹಾಮತ್ಸ್ಯದ ಕಿವಿಯಲ್ಲಿ ಕುಳಿತ ಅಕ್ಕಿಕಾಳಿನಷ್ಟು ಪುಟ್ಟ ಮೀನು, ಅದರ ಬಾಯಿಂದ ಜಾರಿ ಹೋಗುವ ಮೀನುಗಳನ್ನು ನೋಡುತ್ತ, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಯೋಚಿಸಿಯೇ ನರಕಕ್ಕಿಳಿಯಿತೆಂಬ ಕಥೆ ಶ್ರಾವಕರಿಗೆ ಪರಿಚಿತ. ಆ ಮೀನು ಕೂಡ ಪ್ರೇಕ್ಷಕನೇ. ಆದ್ದರಿಂದ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಸಿನಿಮಾಕ್ಕೆ ಸರಿಯಾಗಿ ಅನ್ವಯಿಸುವುದು ದುಃಶ್ರುತಿಗಿಂತ ಹೆಚ್ಚಾಗಿ ‘ಅಪಧ್ಯಾನ’, ದ್ವೇಷದಿಂದ ಪರರ ವಧೆಬಂಧನಗಳನ್ನು ಬಯಸುವ ದುಷ್ಟಚಿಂತನೆ. ದೋಷ ತೆರೆಯ ಮೇಲಿನ ಕಥೆಯದೊಂದೇ ಅಲ್ಲ, ಬೆಂಚಿನ ಮೇಲಿನ ಮನಸ್ಸಿನದೂ ಹೌದು.

ಸಿದ್ದಲಿಂಗಯ್ಯನವರ ಚಿತ್ರದ ಹಿರಿಮೆ ಇಲ್ಲಿಯೇ ಇದೆ. ಲೂಟಿಯ ದೃಶ್ಯಕ್ಕೆ ಸಿಳ್ಳೆ ಹಾಕಿದವನನ್ನು ಅದು ಅಲ್ಲಿಗೇ ಮನೆಗೆ ಕಳುಹಿಸುವುದಿಲ್ಲ. ಹಗೆಯಿಂದ ಹಗೆ ಬೆಳೆಯುವುದನ್ನೂ ಅದು ಎರಡೂ ಕಡೆಯವರನ್ನು ತಿನ್ನುವುದನ್ನೂ ತೋರಿಸಿ, ಅಯ್ಯುವಿನ ಮನಸ್ಸು ತಿರುಗುವವರೆಗೆ ಅವನನ್ನು ಕೂರಿಸುತ್ತದೆ. ಇಪ್ಪತ್ತರ ಹರೆಯದಲ್ಲಿ ಈ ಪ್ರೇಕ್ಷಕರು ಅರ್ಧ ಚಿತ್ರವನ್ನಷ್ಟೇ ನೋಡಿದ್ದರು, ಉಳಿದರ್ಧವನ್ನು ನೋಡಲು ಅವರಿಗೆ ವಯಸ್ಸು ಬೇಕಾಯಿತು. ಬೇಗನೆ ರೊಚ್ಚಿಗೆಬ್ಬಿಸಿ, ಖಳನ ವಧೆಯಲ್ಲಿಯೇ ಶುಭಂ ಹೇಳುವ ಚಿತ್ರಗಳಿಗೂ ಇದಕ್ಕೂ ಇರುವ ಭೇದ ಇದೇ.

‘ಸಂಸ್ಕಾರ’ದ ಮೇಲೆ ಅವರು ಬರೆದಿರುವುದು ಎರಡೇ ಸಾಲು. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆರೆಗೆ ತಂದಾಗ ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಯಿತು. ಬಳಿಕ ಅದಕ್ಕೇ ರಾಷ್ಟ್ರದ ಸ್ವರ್ಣಕಮಲ ಸಂದಿತು. ‘ಆಗ: ಹಾಡಿಲ್ಲ, ಎದ್ದು ಬಂದೆ. ಈಗ: ಯಾರನ್ನು ಬೈಯಬೇಕೋ ತಿಳಿಯಲಿಲ್ಲ.’ ಟಿಪ್ಪಣಿ ಚಿಕ್ಕದಾದರೂ ಚಿತ್ರದ ಮರ್ಮವನ್ನು ಅದು ಮುಟ್ಟಿದೆ. ನಾರಣಪ್ಪನ ಶವ ಸಂಸ್ಕಾರವಿಲ್ಲದೆ ಬಿದ್ದಿರುವಾಗ, ಚಂದ್ರಿ ಬಿಚ್ಚಿಕೊಟ್ಟ ಚಿನ್ನದ ಮೇಲೆ ಅಗ್ರಹಾರದ ಕಣ್ಣು ಬೀಳುವುದನ್ನು ಚಿತ್ರ ತೋರಿಸುತ್ತದೆ. ಅಲ್ಲಿ ಸಿಳ್ಳೆ ಹಾಕಿ ಕೊಲ್ಲಿಸಬಹುದಾದ ಖಳನಿಲ್ಲ. ಹಿಟ್ಟಿನ ಕೋಳಿ ಸಿಗದ ಪ್ರೇಕ್ಷಕನು ತನ್ನೊಳಗೇ ನೋಡಿಕೊಳ್ಳಬೇಕಾಗುತ್ತದೆ. ಅದೇ ಆ ಚಿತ್ರವನ್ನು ಅನೇಕರಿಗೆ ಬೇಸರವೆನ್ನಿಸುವಂತೆ ಮಾಡಿತು.

ಇಷ್ಟು ಹೇಳಿ ಪ್ರೇಕ್ಷಕನಿಗೆ ಮಾತ್ರ ಬುದ್ಧಿ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಸಾಲ ತೀರಿದ ಮೇಲೂ ಪತ್ರ ಮರಳದಿದ್ದ ಆ ರೈತನ ಮಗ ಸಿಳ್ಳೆ ಹಾಕಿದ್ದು ಅಪಧ್ಯಾನವೇ ಇರಬಹುದು. ಆದರೆ ಆ ಸಿಳ್ಳೆಗೆ ಉಸಿರು ತುಂಬಿದವರು ಯಾರು? ಸುಳ್ಳು ಪತ್ರ ಬರೆಯುವ ‘ಕೂಟಲೇಖಕ್ರಿಯೆ’ಯನ್ನೂ ಇಟ್ಟ ನ್ಯಾಸವನ್ನು ಅಪಹರಿಸುವುದನ್ನೂ ಸತ್ಯಾಣುವ್ರತದ ಅತಿಚಾರಗಳೆಂದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯಾಣುವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಇವು ಮುನಿಗಳಿಗೆ ಹೇಳಿದ ಮಾತುಗಳಲ್ಲ, ಅಂಗಡಿಯಲ್ಲಿ ಕುಳಿತ ಗೃಹಸ್ಥನಿಗೆ ಹೇಳಿದವು. ಭೂತಯ್ಯ ಯಾವ ಜಾತಿಯವನೆಂದು ಕೇಳಿ ಸಮಾಧಾನಪಟ್ಟುಕೊಳ್ಳುವುದು ವ್ಯಾಪಾರಿ ಸಮಾಜಕ್ಕೆ ಶೋಭಿಸದು. ಲೇವಾದೇವಿ ಮಾಡುವವನು ಆ ಚಿತ್ರವನ್ನು ನೋಡಬೇಕಾದದ್ದು ಗುಳ್ಳನ ಕಡೆಯಿಂದ. ಸಾಲಗಾರನ ಮಗ ನೋಡಬೇಕಾದದ್ದು ಅಯ್ಯುವಿನ ಕಡೆಯಿಂದ. ಬ್ಯಾಡರಹಳ್ಳಿಯವರು ತಮ್ಮ ಪಾಲಿನದನ್ನು ಮಾಡಿದ್ದಾರೆ. ಇನ್ನೊಂದು ಪಾಲು ಬಾಕಿಯಿದೆ.

ದಿನದ ಕೊನೆಗೆ ತನ್ನ ನಡೆನುಡಿಭಾವಗಳನ್ನು ಹಿಂದಿರುಗಿ ನೋಡಿ, ತಪ್ಪಿದ್ದಲ್ಲಿಂದ ಮರಳುವುದಕ್ಕೆ ಪ್ರತಿಕ್ರಮಣವೆಂದು ಹೆಸರು. ಹಳೆಯ ಚಿತ್ರವನ್ನು ಮತ್ತೆ ನೋಡುವುದೂ ಆ ರೀತಿಯಲ್ಲಿ ಸಾಧ್ಯವೆಂದು ಈ ಪುಸ್ತಕ ತೋರಿಸುತ್ತದೆ. ಚಿತ್ರವು ಐವತ್ತು ವರ್ಷಗಳಲ್ಲಿ ಒಂದು ಅಕ್ಷರವೂ ಬದಲಾಗಿಲ್ಲವಾದ್ದರಿಂದ, ಕಂಡ ಬದಲಾವಣೆಯೆಲ್ಲ ನೋಡುವವನದೇ. ಭೂತಯ್ಯನ ಟಿಪ್ಪಣಿಯ ಕೆಳಗೆ ಅವರು ಕೊನೆಯದಾಗಿ ಬರೆದಿರುವುದು ಹೀಗೆ: “ಆ ಸಾಹುಕಾರರ ಮೊಮ್ಮಗ ಈಗ ಇಲ್ಲೇ ಅಂಗಡಿ ಇಟ್ಟಿದ್ದಾನೆ. ಇಷ್ಟು ವರ್ಷ ಅಲ್ಲಿ ಸಾಮಾನು ಕೊಂಡಿರಲಿಲ್ಲ. ನಿನ್ನೆ ಹೋಗಿ ಅರ್ಧ ಕೆ.ಜಿ. ಸಕ್ಕರೆ ತಂದೆ.”