ಬೆಳ್ಳಿಯ ಮಂಡೆಬೆಚ್ಚ

ಕನ್ನಡ ಕಥೆ ಕಾದಂಬರಿಗಳಲ್ಲಿ ಹುಚ್ಚಿಗೂ ಜಾತಿಯಿದೆ ಎಂದರೆ ಕೆಲವರಿಗೆ ಅತಿಯೆನಿಸಬಹುದು. ಆದರೆ ಮನಸ್ಸು ಕೆಟ್ಟ ಹೆಣ್ಣುಗಳೆಂದರೆ ನಮಗೆ ಥಟ್ಟನೆ ನೆನಪಾಗುವವರು ಯಾರು? ತ್ರಿವೇಣಿಯವರ ‘ಶರಪಂಜರ’ದ ಕಾವೇರಿ. ವೈದೇಹಿಯವರ ಅಕ್ಕು. ಇಬ್ಬರೂ ಜಗಲಿ, ಅಡುಗೆಮನೆ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇರುವ ಮನೆಗಳ ಹೆಣ್ಣುಮಕ್ಕಳು. ಹೊಲಗೇರಿಯ ಅಥವಾ ಕೊರಗರ ಕೊಪ್ಪದ ಹೆಣ್ಣೊಬ್ಬಳ ಮನಸ್ಸು ಮುರಿದ ಕಥೆ ಹೇಳಿ ಎಂದರೆ ನಾವು ತಡವರಿಸುತ್ತೇವೆ. ಅವಳಿಗೆ ಹಸಿವು ಕೊಟ್ಟಿದ್ದೇವೆ, ಅತ್ಯಾಚಾರ ಕೊಟ್ಟಿದ್ದೇವೆ, ಬಾಯಿತುಂಬ ಬೈಗುಳ ಕೊಟ್ಟಿದ್ದೇವೆ, ಬೆಟ್ಟದಂಥ ತಾಳ್ಮೆ ಕೊಟ್ಟಿದ್ದೇವೆ. ಮನಸ್ಸು ಕೊಟ್ಟದ್ದು ಕಡಿಮೆ. ಲೇಖಕರು ಕೊಟ್ಟ ಕಡೆಯಲ್ಲೂ ವಿಮರ್ಶೆ ಬರೆಯುವ ನಾವು ಅದನ್ನು ಓದಿಲ್ಲ. ನನ್ನ ಜಗಳ ಹೆಚ್ಚಾಗಿ ಈ ಎರಡನೆಯದರ ಜೊತೆಗೆ.

ತ್ರಿವೇಣಿಯವರನ್ನು ಸಣ್ಣದು ಮಾಡಲು ಈ ಮಾತು ಹೇಳುತ್ತಿಲ್ಲ. ಮನಶ್ಶಾಸ್ತ್ರ ಓದಿದ್ದ ಅವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಷ್ಟರೊಳಗೆ ಹೆಣ್ಣಿನ ಮನೋರೋಗವನ್ನು ಮಾಟ, ಗಾಳಿ, ಕರ್ಮಗಳ ಕೈಯಿಂದ ಬಿಡಿಸಿ ವೈದ್ಯರ ಮುಂದೆ ತಂದು ಕೂರಿಸಿದ್ದರು. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಗಂಡ ಮತ್ತು ನೆರೆಹೊರೆ ಸೇರಿ ಮತ್ತೆ ಹುಚ್ಚಿಗೆ ದೂಡುವುದನ್ನು ಪುಟ್ಟಣ್ಣ ಕಣಗಾಲರ 1971ರ ಚಿತ್ರದಲ್ಲಿ ನೋಡಿದವರು ಮರೆತಿರಲಾರರು. ಆದರೆ ಕಾವೇರಿಯ ಹುಚ್ಚಿನ ಬೇರು ಇರುವುದು ಶೀಲದ ಭಯದಲ್ಲಿ. ಮದುವೆಗೆ ಮುಂಚೆ ತನ್ನ ಮೇಲೆ ನಡೆದದ್ದು ಬಾಣಂತಿತನದ ಬಡಬಡಿಕೆಯಲ್ಲಿ ಹೊರಬೀಳುತ್ತದೆ. ಶೀಲವನ್ನು ಆಸ್ತಿಯ ಹಾಗೆ ಕಾಯುವ ಮನೆ ಇದ್ದರೆ ಮಾತ್ರ ಈ ಹುಚ್ಚು ಈ ರೂಪ ತಾಳುತ್ತದೆ. ಅಕ್ಕುವಿನದು ಬೇರೆ ಬಗೆ. ಮನೆಯವರ ಬಾಯಲ್ಲಿ ಅವಳು ಹುಚ್ಚಿ. ಆ ಮನೆಯ ಸುಳ್ಳನ್ನು ಬಯಲು ಮಾಡುವವಳೂ ಅವಳೇ. ಬೈದುಕೊಂಡಾದರೂ ಅನ್ನ ಹಾಕುವ ದೊಡ್ಡ ಮನೆಯೊಂದು ಅವಳ ಬೆನ್ನಿಗಿದೆ. ಹುಚ್ಚಿಯಾಗಿರಲಿಕ್ಕೂ ಒಂದು ಸೂರು ಬೇಕು ಮಾರಾಯ್ರೆ.

ಅಜೆಕಾರಿನ ನನ್ನ ತರಗತಿಯಲ್ಲಿ ‘ಶರಪಂಜರ’ ಮತ್ತು ‘ಚೋಮನ ದುಡಿ’ಯನ್ನು ಒಟ್ಟಿಗಿಟ್ಟು ಮಾತಾಡುತ್ತಿದ್ದಾಗ ಒಂದು ಪ್ರಶ್ನೆ ಹಾಕಿದೆ. ಇಷ್ಟೆಲ್ಲ ಆದರೂ ಬೆಳ್ಳಿಗೆ ಯಾಕೆ ಏನೂ ಆಗುವುದಿಲ್ಲ? ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅಂದಳು: “ಮೇಡಂ, ಅವಳಿಗೆ ಮರ್ಲ್ ಹಿಡೀಲಿಕ್ಕೆ ಪುರುಸೊತ್ತು ಎಲ್ಲುಂಟು?” ತರಗತಿ ನಕ್ಕಿತು, ನಾನೂ ನಕ್ಕೆ. ಮಾತು ನಿಜವೇ. ಆದರೆ ಇದೇ ಮಾತನ್ನು ಅಂಗಳದ ಮೇಲೆ ಕುಳಿತ ಧಣಿಯೂ ಆಡುತ್ತಾನೆ: “ಅವರಿಗೆಂತ ಮಂಡೆಬೆಚ್ಚ? ದುಡಿದರು, ಕುಡಿದರು, ಮಲಗಿದರು.” ನೊಂದವರ ಗೇಲಿಯೂ ಧಣಿಯ ತೀರ್ಪೂ ಒಂದೇ ವಾಕ್ಯದಲ್ಲಿ ಬಂದು ಕೂತಿರುವಾಗ ವಿಮರ್ಶೆ ಸ್ವಲ್ಪ ನಿಂತು ನೋಡಬೇಕು.

1933ರ ‘ಚೋಮನ ದುಡಿ’ಯನ್ನು ಹಾಗೆ ನಿಂತು ಓದೋಣ. ಬೆಳ್ಳಿ ತಾಯಿಯಿಲ್ಲದ ಮನೆಯ ತಾಯಿ. ಅಣ್ಣಂದಿರು ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರದಿಂದ ಸಾಯುತ್ತಾನೆ, ಗುರುವ ಕ್ರೈಸ್ತನಾಗಿ ಮನೆಯಿಂದ ದೂರವಾಗುತ್ತಾನೆ. ಆಮೇಲೆ ತೋಟಕ್ಕೆ ಹೋಗುವವಳು ಬೆಳ್ಳಿ. ಅಲ್ಲಿ ಅವಳ ದೇಹವೂ ಸಾಲದ ಲೆಕ್ಕಕ್ಕೆ ಸೇರುತ್ತದೆ, ಸಾಲ ಹರಿಯುತ್ತದೆ. ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಯ ಹೆಸರಲ್ಲಿ ಕೈಚಾಚುವುದಿಲ್ಲ. ಆ ನೀಲನನ್ನು ಎತ್ತಿ ಆಡಿಸಿದವಳು ಬೆಳ್ಳಿಯಲ್ಲವೇ? ಕಾದಂಬರಿ ದುಃಖಕ್ಕೆ ಬಿಟ್ಟುಕೊಟ್ಟ ಜಾಗದಲ್ಲಿ ಬಹುಪಾಲು ಚೋಮನದ್ದು. ಅವನಿಗೆ ದುಡಿಯಿದೆ. ಸಿಟ್ಟು ಬಂದರೆ, ಸೋತರೆ, ಕುಡಿದರೆ, ಬೇಸಾಯಗಾರನಾಗುವ ಆಸೆ ಮಣ್ಣಾದರೆ ಬಾರಿಸುತ್ತಾನೆ, ಬಾರಿಸುತ್ತಲೇ ಸಾಯುತ್ತಾನೆ. ಬೆಳ್ಳಿಗೆ ಬಾರಿಸಲು ಏನಿದೆ? ಕಾರಂತರು ಅಸ್ಪೃಶ್ಯ ಗಂಡಸಿಗೆ ಒಂದು ಒಳಲೋಕ ಕೊಟ್ಟರು, ಆ ಕಾಲಕ್ಕೆ ಅದು ಸಣ್ಣ ಕೆಲಸವಲ್ಲ. ಮಗಳಿಗೆ ಕೊಟ್ಟದ್ದು ಪರಿಸ್ಥಿತಿಯನ್ನು. ತೊಂಬತ್ತು ವರ್ಷಗಳಿಂದ ನಾವೂ ದುಡಿಯ ಸದ್ದನ್ನೇ ವಿವರಿಸುತ್ತಿದ್ದೇವೆ. ಕಾದಂಬರಿ ಸುಮ್ಮನಾದಲ್ಲಿ ನಾವೂ ಸುಮ್ಮನಾದೆವು.

ಕಾರಂತರು ಹುಟ್ಟಿದ ಊರು ಕೋಟ. ಕಾಕತಾಳೀಯವೋ ಏನೋ, ನಮ್ಮ ಕರಾವಳಿಯ ಹಳ್ಳಿಗರ ಮನಸ್ಸಿನ ಬಗ್ಗೆ ನಡೆದ ಬಹು ಪ್ರಸಿದ್ಧ ಅಧ್ಯಯನವೂ ಅಲ್ಲಿಯದೇ. ಕಾರ್‌ಸ್ಟೇರ್ಸ್ ಮತ್ತು ಕಪೂರ್ ಎಂಬ ಇಬ್ಬರು ಮನೋವೈದ್ಯರ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ 1976ರಲ್ಲಿ ಬಂತು. ಮಂತ್ರವಾದಿ, ಪಾತ್ರಿ, ನಾಟಿ ವೈದ್ಯರನ್ನೂ ಮೈಮೇಲೆ ಬರುವುದನ್ನೂ ಹಳ್ಳಿಗರ ಮೌಢ್ಯವೆಂದು ತಳ್ಳಿಹಾಕದೆ ನೋಡಿದ ಪುಸ್ತಕವದು. ಅದರ ಮೇಲೆ ನನಗೆ ಗೌರವವಿದೆ. ಆದರೆ ಅವರು ಹೋಲಿಸಲು ಆರಿಸಿಕೊಂಡ ಜಾತಿಗಳು ಮೂರು: ಬ್ರಾಹ್ಮಣರು, ಬಂಟರು, ಮೀನು ಹಿಡಿಯುವ ಮೊಗವೀರರು. ಕೇರಿ ಆ ಹೋಲಿಕೆಯ ಹೊರಗುಳಿಯಿತು. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಸಾಹಿತಿಯ ಕಣ್ಣು ಎಲ್ಲಿ ನಿಂತಿತೋ ಸುಮಾರಾಗಿ ಅಲ್ಲೇ ವಿಜ್ಞಾನದ ಕಣ್ಣೂ ನಿಂತಿತು ಎಂಬುದನ್ನು ಮಾತ್ರ ಗಮನಿಸಿದರೆ ಸಾಕು.

ನಮ್ಮ ಸಿರಿಯ ಪಾಡ್ದನವನ್ನೇ ನೋಡಿ. ಹಿರಿಯಡ್ಕ, ಕವತ್ತಾರುಗಳ ಸಿರಿ ಜಾತ್ರೆಯಲ್ಲಿ ಹಿಂಗಾರ ಹಿಡಿದು ನಡುಗುವ ಹೆಂಗಸನ್ನು ಕುಮಾರ ಕೇಳುವುದು, ನೀನು ಯಾರು ಎಂದು. ಅವಳು ಸಿರಿ ಅನ್ನಬಹುದು, ಸೊನ್ನೆ ಅನ್ನಬಹುದು, ಅಬ್ಬಗ ಅಥವಾ ದಾರಗ ಅನ್ನಬಹುದು. ಮನೆಯಲ್ಲಿ ಆಡಲಾಗದ್ದನ್ನು ಆ ಹೆಸರಿನಲ್ಲಿ ಆಡಬಹುದು. ಗಂಡನ ಮನೆ ಬಿಟ್ಟು ನಡೆದು, ಮತ್ತೊಬ್ಬನನ್ನು ಕಟ್ಟಿಕೊಂಡ ಸಿರಿಯ ಕಥೆ ತುಳುನಾಡಿನ ಹೆಣ್ಣುಗಳ ನೋವಿಗೆ ದೊಡ್ಡ ಆಸರೆ. ಆದರೆ ಸಿರಿ ಆಳ್ವರ ಅರಮನೆಯ ಕೂಸು. ನೋಯಲಿಕ್ಕೂ ಧಣಿಯ ಮಗಳ ಹೆಸರೇ ಬೇಕು. ನಮ್ಮವರ ಮುಗೇರ್ಲು ಪಾಡ್ದನದಲ್ಲಿ ತನ್ನಿಮಾಣಿಗ ಇದ್ದಾಳೆ, ಬೇಟೆಗೆ ಹೋಗುವ ವೀರರ ತಂಗಿಯಾಗಿ. ಅವಳನ್ನು ಕೈಮುಗಿದಷ್ಟು ನಾವು ಕೇಳಿಸಿಕೊಂಡಿಲ್ಲ.

ಕೊರಗರ ವಿಷಯದಲ್ಲಿ ಇದು ಇನ್ನೂ ಕ್ರೂರ. ಮೇಲಿನ ಮನೆಯ ಅರಿಷ್ಟ ಕಳೆಯಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಕಾವೇರಿ ತನ್ನ ಭಯವನ್ನು ತಾನೇ ಹೊತ್ತಳು. ಇಲ್ಲಿ ಒಂದು ಜಾತಿಯ ಭಯವನ್ನು ಇನ್ನೊಂದು ಜಾತಿಯ ಹೊಟ್ಟೆಗೆ ದಾಟಿಸುತ್ತಿದ್ದರು. ಆ ಅನ್ನ ಉಂಡು ಕೊಪ್ಪಕ್ಕೆ ಮರಳಿದ ಹೆಣ್ಣಿನ ರಾತ್ರಿ ಹೇಗಿತ್ತು?

ಇಂಥ ಪ್ರಶ್ನೆ ಕೇಳಲು ನಮಗೆ ಕಷ್ಟವಾಗುವುದಕ್ಕೆ ಭಾಷೆಯೂ ಕಾರಣ. ಕೇರಿಯ ಹೆಂಗಸರು ನನಗೆ ಖಿನ್ನತೆ ಅನ್ನುವುದಿಲ್ಲ. ಮಂಡೆಬೆಚ್ಚ ಅನ್ನುತ್ತಾರೆ. ಎದೆ ಢವಢವ, ಕೈಕಾಲಲ್ಲಿ ಜೀವ ಇಲ್ಲ, ಅನ್ನ ಇಳಿಯುವುದಿಲ್ಲ ಅನ್ನುತ್ತಾರೆ. ಮನಸ್ಸು ಮೈಯ ಮಾತಿನಲ್ಲೇ ಬರುತ್ತದೆ. ಆಸ್ಪತ್ರೆಯವರು ನಿಶ್ಶಕ್ತಿ ಎಂದು ಟಾನಿಕ್ಕು ಕೊಟ್ಟು ಕಳಿಸುತ್ತಾರೆ. ನಮ್ಮ ವಿಮರ್ಶೆ ಕೊಡುತ್ತ ಬಂದದ್ದೂ ಟಾನಿಕ್ಕನ್ನೇ. ಎಲ್ಲ ರೋಗಕ್ಕೂ ‘ಶೋಷಣೆ’ ಎಂಬ ಒಂದೇ ಸೀಸೆ.

ಈಗ ನಮ್ಮ ಸಂಗಾತಿಗಳಿಗೆ ಹಿಡಿಸದ ಮಾತು. ಮೇಲುಜಾತಿಯ ಹೆಣ್ಣಿಗೆ ‘ಗರತಿ’ ಎಂಬ ಪಂಜರವಿದ್ದರೆ ನಮ್ಮ ಹೆಣ್ಣಿಗೆ ‘ಗಟ್ಟಿಗಿತ್ತಿ’ ಎಂಬುದಿದೆ. ಇದನ್ನು ಕಟ್ಟಿದವರಲ್ಲಿ ನಾವೂ ಇದ್ದೇವೆ. ನಮ್ಮ ಸಭೆಗಳಲ್ಲಿ ಭಾಷಣಕಾರರು ಅವ್ವನನ್ನು ನೆನೆಯದೆ ಮಾತು ಮುಗಿಸುವುದಿಲ್ಲ. ಅವ್ವ ಉಪವಾಸವಿದ್ದು ಓದಿಸಿದಳು, ಅಪ್ಪನ ಒದೆ ತಿಂದಳು, ಒಂದು ದಿನವೂ ಅಳಲಿಲ್ಲ. ಚಪ್ಪಾಳೆ ಬೀಳುತ್ತದೆ. ಒಂದು ದಿನವೂ ಅಳದೆ ಇದ್ದ ಹೆಂಗಸಿಗೆ ಏನಾಗಿತ್ತು ಎಂದು ಕೇಳಬೇಕಾದ ಜಾಗದಲ್ಲಿ ನಾವು ಚಪ್ಪಾಳೆ ಹೊಡೆಯುತ್ತೇವೆ. ಅಪ್ಪನ ಕುಡಿತಕ್ಕೆ ಮಾತ್ರ ಜಾತಿವ್ಯವಸ್ಥೆಯ ನೋವು ಎಂಬ ವಿವರಣೆ ಸಿಗುತ್ತದೆ. ಅಂದರೆ ಮನಸ್ಸಿರುವುದು ಅಪ್ಪನಿಗೆ.

ದೇವನೂರ ಮಹಾದೇವರ ‘ಒಡಲಾಳ’ವನ್ನು ನಾವು ಓದಿರುವುದೂ ಹೀಗೆಯೇ. ಸಾಕವ್ವ ಕಳೆದ ಹುಂಜಕ್ಕಾಗಿ ಊರು ಸುತ್ತುವುದು, ಶಪಿಸುವುದು, ಇಡೀ ಮನೆ ಕೂತು ರಾತ್ರಿಯೆಲ್ಲ ಕಳ್ಳ ಕಡಲೆಕಾಯಿ ತಿಂದು ಮುಗಿಸುವುದು, ಇವನ್ನೆಲ್ಲ ಜೀವಶಕ್ತಿ ಎಂದು ಕರೆದು ಪುಟಗಟ್ಟಲೆ ಬರೆದಿದ್ದೇವೆ. ಸುಳ್ಳಲ್ಲ ಅದು. ಆದರೆ ಒಂದು ಹುಂಜಕ್ಕಾಗಿ ಅಷ್ಟು ಹೊತ್ತು ಅಲೆಯುವ ಮುದುಕಿಗೆ ಕಳೆದದ್ದು ಹುಂಜವೊಂದೇ ಏನು? ಅವಳ ಸಿಟ್ಟನ್ನು ಶಕ್ತಿ ಎಂದು ಓದಿದ ನಾವು ದುಃಖ ಎಂದು ಯಾಕೆ ಓದಲಿಲ್ಲ? ಹಾಗೆ ಓದಿದರೆ ಸಾಕವ್ವ ಚಿಕ್ಕವಳಾಗುವುದಿಲ್ಲ. ಅವಳನ್ನು ದೇವತೆ ಮಾಡಿ ನಾವು ಪಡೆಯುತ್ತಿರುವ ಸಮಾಧಾನ ಕಡಿಮೆಯಾಗಬಹುದು, ಅಷ್ಟೆ.

ಅದೇ ಮನೆಯಲ್ಲಿ ಪುಟ್ಟಗೌರಿ ಇದ್ದಾಳೆ. ನಮ್ಮ ವಿಮರ್ಶೆಯಲ್ಲಿ ಅವಳಿಗೆ ಸಿಕ್ಕಿರುವುದು ಹೆಚ್ಚೆಂದರೆ ಎರಡು ಸಾಲು, ಅದೂ ಸೌಂದರ್ಯಪ್ರಜ್ಞೆ ಎಂಬ ಹೆಸರಿನಲ್ಲಿ. ದೊಡ್ಡವರ ಹಸಿವು, ಜಗಳ, ಪಾಲುಪಾರಿಕತ್ತಿನ ನಡುವೆ ಅವಳು ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಅದು ಹಸಿವಿಗೆ ಉತ್ತರವಲ್ಲ, ಚಳವಳಿಗೆ ಘೋಷಣೆಯಲ್ಲ, ಯಾರನ್ನು ಸಾಕುವ ಕೆಲಸವೂ ಅಲ್ಲ. ಆ ಹುಡುಗಿ ಏನನ್ನು ನೋಡುತ್ತಿದ್ದಾಳೆ, ಯಾವುದರಿಂದ ಮುಖ ತಿರುಗಿಸಿಕೊಂಡಿದ್ದಾಳೆ ಎಂದು ಕೇಳದೆಯೇ ನಾವು ಕೋಳಿಯ ಹಿಂದೆ, ಪೊಲೀಸರ ಹಿಂದೆ ಹೋಗಿಬಿಟ್ಟೆವು. ಬೆಳ್ಳಿಗೆ ಸಿಗದ ಗೋಡೆ ಪುಟ್ಟಗೌರಿಗೆ ಸಿಕ್ಕಿದೆ. ‘ಒಡಲಾಳ’ವನ್ನು ಇನ್ನೊಮ್ಮೆ ಓದುವವರು ಆ ಗೋಡೆಯ ಕಡೆಯಿಂದ ಶುರುಮಾಡಲಿ.