ತಿದ್ದುಪಡಿಯ ಸೊಗಸು: ಹ್ಯಾಶ್ ಟೇಬಲ್ ರಸಿಕರಿಗೊಂದು ಕೈಪಿಡಿ

ಪ್ರೋಗ್ರಾಮಿಂಗ್ ಭಾಷೆಗಳ ಒಳಗಿನ ಕೋಡನ್ನು ಓದಿ ಅಭ್ಯಾಸವಿಲ್ಲದವರು ಬಗ್ ತಿದ್ದುಪಡಿಯನ್ನು ಬರೀ ರಿಪೇರಿ ಎಂದುಕೊಳ್ಳುತ್ತಾರೆ. ಆದರೆ ಒಳ್ಳೆಯ ತಿದ್ದುಪಡಿ, ಎಲ್ಲರೂ ನಂಬಿಕೊಂಡಿದ್ದರೂ ಯಾರೂ ಬಾಯಿಬಿಟ್ಟು ಹೇಳದ ಒಂದು ಊಹೆಯನ್ನು ಬೆಳಕಿಗೆ ತರುತ್ತದೆ. ಆ ಊಹೆ ಯಾವುದೆಂದು ಹುಡುಕುತ್ತ ಓದಿದರೆ ಈ ಕಲೆಯ ರುಚಿ ಹತ್ತುತ್ತದೆ. ಅಭ್ಯಾಸಕ್ಕೆ ರಸ್ಟ್ ಭಾಷೆಯ ಹ್ಯಾಶ್‌ಮ್ಯಾಪ್ ಎಂಬ ಹ್ಯಾಶ್ ಟೇಬಲಿನಲ್ಲಿ 2016ರಲ್ಲಿ ಸಿಕ್ಕ ಬಗ್ ಒಂದನ್ನು ತೆಗೆದುಕೊಳ್ಳೋಣ.

ಕೊಟ್ಟ ಮಾತೇನು?

ಹ್ಯಾಶ್ ಟೇಬಲ್ ಕೊಡುವ ಮಾತು ಒಂದೇ: ಎಷ್ಟೇ ನಮೂದುಗಳಿದ್ದರೂ ಹುಡುಕಲು, ಸೇರಿಸಲು ಹೆಚ್ಚುಕಡಿಮೆ ಅಷ್ಟೇ ಸಮಯ. ನಮೂದಿನ ಕೀಲಿಯಿಂದ ಹ್ಯಾಶ್ ಎಂಬ ಸಂಖ್ಯೆ ಹುಟ್ಟುತ್ತದೆ; ಅದರ ಕೊನೆಯ ಕೆಲವು ಬಿಟ್‌ಗಳು ಟೇಬಲಿನ ಯಾವ ಮನೆಗೆ ಹೋಗಬೇಕೆಂದು ಹೇಳುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ ನಿಮಗೆ ಗೊತ್ತುಮಾಡಿದ ಎಲೆಯ ಮುಂದೆ ಬೇರೆಯವರು ಕೂತಿದ್ದರೆ ಪಕ್ಕದ ಖಾಲಿ ಎಲೆಗೆ ಸರಿಯುತ್ತೀರಲ್ಲ, ಇಲ್ಲೂ ಹಾಗೆಯೇ. ಆಗಿನ ರಸ್ಟ್‌ನಲ್ಲಿ 11ರಲ್ಲಿ 10 ಪಾಲು ಮನೆಗಳು ತುಂಬಿದರೆ ಟೇಬಲ್ ಇಮ್ಮಡಿಯಾಗುತ್ತಿತ್ತು. ಇದೇ ರೀಸೈಜ್.

ಮಾತು ತಪ್ಪಿದ್ದೆಲ್ಲಿ?

ಒಂದು ಟೇಬಲಿನ ನಮೂದುಗಳನ್ನು ಒಂದೊಂದಾಗಿ ತೆಗೆದು ಇನ್ನೊಂದಕ್ಕೆ ಹಾಕುವುದು ಎಲ್ಲರೂ ಬರೆಯುವ ಕೋಡು. ರಸ್ಟ್‌ನಲ್ಲಿ ಇದು ನಮೂದುಗಳ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ನಿಧಾನವಾಗುತ್ತಿತ್ತು: ನಮೂದು ಎರಡರಷ್ಟಾದರೆ ಸಮಯ ನಾಲ್ಕರಷ್ಟು.

ಇಲ್ಲಿ ಅವಸರ ಮಾಡದೆ ಕಾಗದದ ಮೇಲೆ ಲೆಕ್ಕ ಹಾಕಿ. ಹಳೆಯ ಟೇಬಲಿನಲ್ಲಿ 2048 ಮನೆ, 1200 ನಮೂದು. ಹೊಸದು ಸದ್ಯಕ್ಕೆ 1024 ಮನೆಗೆ ಬೆಳೆದಿದೆ. ಹಳೆಯದನ್ನು ಮೊದಲ ಮನೆಯಿಂದ ಓದುತ್ತ ಹೋದರೆ ಅರ್ಧ ಮುಗಿಯುವಾಗ ಸುಮಾರು 600 ನಮೂದುಗಳು ಹೊಸದರಲ್ಲಿ ಸಮನಾಗಿ ಹರಡಿರುತ್ತವೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಮುಂದೆ ಓದುವುದು ಹಳೆಯದರ 1024ನೇ ಮನೆಯಿಂದ; ಹೊಸದಕ್ಕೆ ಒಂದು ಬಿಟ್ ಕಡಿಮೆ, ಆದ್ದರಿಂದ ಆ ನಮೂದುಗಳೆಲ್ಲ ಮತ್ತೆ ಸೊನ್ನೆಯಿಂದಲೇ ತುಂಬತೊಡಗುತ್ತವೆ. ರೀಸೈಜ್ ಆಗುವುದು ನಮೂದುಗಳು 930ರ ಸುಮಾರಿಗೆ ತಲುಪಿದಾಗ. ಅಷ್ಟರಲ್ಲಿ ಮೊದಲ 560 ಮನೆಗಳಿಗೆ 660 ಹಕ್ಕುದಾರರು ಸೇರಿರುತ್ತಾರೆ! ಟೇಬಲಿನ ಉಳಿದ ಭಾಗದಲ್ಲಿ ಬೇಕಾದಷ್ಟು ಜಾಗವಿದ್ದರೂ ಒಂದು ತುದಿಯಲ್ಲಿ ನೂಕುನುಗ್ಗಲು. ಬಂದ ಪ್ರತಿ ನಮೂದಿಗಾಗಿ ಉದ್ದನೆಯ ಸಾಲನ್ನೇ ದಾಟಬೇಕು ಅಥವಾ ಸರಿಸಬೇಕು.

ಊಹೆ ಈಗ ಕಾಣುತ್ತದೆ. ಬರುವ ಕೀಲಿಗಳ ಕ್ರಮಕ್ಕೂ ಅವುಗಳ ಹ್ಯಾಶ್‌ಗೂ ಸಂಬಂಧವಿರುವುದಿಲ್ಲ ಎಂದು ಟೇಬಲ್ ನಂಬಿತ್ತು. ಆದರೆ ಅದೇ ಹ್ಯಾಶ್ ಬಳಸುವ ಇನ್ನೊಂದು ಟೇಬಲಿನಿಂದ ಬಂದ ಕೀಲಿಗಳು ಹ್ಯಾಶ್ ಕ್ರಮದಲ್ಲೇ ಬರುತ್ತವೆ.

ಪದರಗಳನ್ನು ಬಿಡಿಸಿ

ಎರಡೂ ಟೇಬಲ್‌ಗೆ ಅದೇ ಹ್ಯಾಶ್ ಬಂದದ್ದಕ್ಕೂ ಒಂದು ಇತಿಹಾಸವಿದೆ. ಬೇಕೆಂದೇ ಒಂದೇ ಮನೆಗೆ ಬೀಳುವ ಕೀಲಿಗಳನ್ನು ಕಳಿಸಿ ಸರ್ವರ್‌ಗಳನ್ನು ಕೆಡವಬಹುದೆಂದು 2011ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ತೋರಿಸಲಾಯಿತು. ಇಂಥ ದಾಳಿ ತಡೆಯಲು ರಸ್ಟ್ ಪ್ರತಿ ಟೇಬಲಿಗೂ ಯಾದೃಚ್ಛಿಕ ಸೀಡ್, ಅಂದರೆ ಹ್ಯಾಶ್ ಲೆಕ್ಕಕ್ಕೆ ಬೆರೆಸುವ ಸಂಖ್ಯೆಗಳನ್ನು, ಕೊಡುತ್ತಿತ್ತು. ಟೇಬಲ್‌ಗಳು ಹೆಚ್ಚಾದಾಗ ಅದು ನಿಧಾನವಾಯಿತು. ಆಗ ಒಂದು ಥ್ರೆಡ್ಡಿಗೆ ಒಂದೇ ಸಲ ಸೀಡ್ ಪಡೆದು ಎಲ್ಲ ಟೇಬಲ್‌ಗಳಿಗೂ ಅದನ್ನೇ ಹಂಚಿದರು. ಮೊದಲನೆಯದು ಭದ್ರತೆಗೆ, ಎರಡನೆಯದು ವೇಗಕ್ಕೆ. ಎರಡೂ ನ್ಯಾಯವಾದ ನಿರ್ಧಾರಗಳೇ. ಅವು ಕೂಡಿದ ಜಾಗದಲ್ಲಿ ಬಗ್ ಹುಟ್ಟಿತು.

ತಿದ್ದುಪಡಿ ಏನೆಂದರೆ, ಹೊಸ ಟೇಬಲ್ ಹುಟ್ಟಿದಾಗಲೆಲ್ಲ ಸೀಡ್‌ನ ಎರಡು ಸಂಖ್ಯೆಗಳಲ್ಲಿ ಒಂದಕ್ಕೆ ಒಂದು ಕೂಡುವುದು. ರಸ್ಟ್ ಬಳಸುವ ಸಿಪ್‌ಹ್ಯಾಶ್ ಎಂಬ ಹ್ಯಾಶ್ ಫಂಕ್ಷನ್‌ಗೆ ಅಷ್ಟು ಬದಲಾವಣೆ ಸಾಕು, ಇಡೀ ಕ್ರಮವೇ ಕಲಸಿಹೋಗುತ್ತದೆ. ಹೊಸ ಸೀಡ್‌ಗಾಗಿ ಆಪರೇಟಿಂಗ್ ಸಿಸ್ಟಮನ್ನು ಮತ್ತೆ ಕೇಳಬೇಕಿಲ್ಲ, ರೀಸೈಜ್ ಕೋಡನ್ನು ಮುಟ್ಟಬೇಕಿಲ್ಲ. ರೋಗ ಕಂಡ ಜಾಗ ಬೇರೆ, ಮದ್ದು ಹಾಕಿದ ಜಾಗ ಬೇರೆ. ಈ ದೂರವನ್ನು ಗುರುತಿಸಲು ಬಂದರೆ ನೀವು ರಸಿಕರಾದಿರಿ. 2019ರ 1.36ನೇ ಆವೃತ್ತಿಯಲ್ಲಿ ಟೇಬಲಿನ ಒಳಗಿನ ರಚನೆಯನ್ನೇ ಬದಲಿಸಿದರು. ಆ ಒಂದು ಕೂಡುವ ಸಾಲು ಹಾಗೇ ಉಳಿಯಿತು. ಅದರ ಮೇಲಿನ ಟಿಪ್ಪಣಿ ಸೀಡ್‌ನ ಈ ಇತಿಹಾಸವನ್ನು ಕ್ರಮವಾಗಿ ಹೇಳುತ್ತದೆ. ಟಿಪ್ಪಣಿಯನ್ನು ಬಿಟ್ಟು ಕೋಡನ್ನಷ್ಟೇ ಓದಬೇಡಿ.

ಮಿತಿಯನ್ನೂ ಕೇಳಿ

ಕ್ಲೋನ್ ಮಾಡಿದ ಟೇಬಲಿಗೆ ಮೂಲದ ಸೀಡೇ ಬರುತ್ತದೆ, ಅಲ್ಲಿ ಕ್ರಮ ಕಲಸುವುದಿಲ್ಲ. ಸೀಡ್ ಇಲ್ಲದ ವೇಗದ ಹ್ಯಾಶ್ ಬಳಸುವವರಿಗೆ ಈ ತಿದ್ದುಪಡಿ ತಲುಪುವುದೇ ಇಲ್ಲ. ಅವರು ಬೇಕಾದಷ್ಟು ಜಾಗವನ್ನು ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ಮಿತಿ ಹೇಳಿದರೆ ತಿದ್ದುಪಡಿಯ ಬೆಲೆ ಕುಗ್ಗುವುದಿಲ್ಲ, ಅದರ ಅಳತೆ ಸಿಗುತ್ತದೆ.

ಮುಂದಿನ ಪಾಠ

ಈಗ ಪೈಥಾನ್‌ನ ಮೂಲ ಕೋಡನ್ನು ತೆರೆಯಿರಿ. ಅಲ್ಲಿನ ಡಿಕ್ಟ್, ಸೆಟ್ ಎರಡೂ ಹ್ಯಾಶ್ ಟೇಬಲ್‌ಗಳೇ. ಅಲ್ಲಿ ಡಿಕ್ಟ್‌ನ ನಮೂದುಗಳು 3.6ನೇ ಆವೃತ್ತಿಯಿಂದ ಸೇರಿಸಿದ ಕ್ರಮದಲ್ಲೇ ಹೊರಬರುತ್ತವೆ, ಸೆಟ್‌ನವು ಹಾಗಲ್ಲ. ಎರಡು ಸೆಟ್‌ಗಳನ್ನು ಕೂಡಿಸುವ ಫಂಕ್ಷನ್, ಜಾಗ ಸಾಲದು ಎನ್ನಿಸಿದರೆ, ಶುರುವಿನಲ್ಲೇ ಒಂದು ದೊಡ್ಡ ರೀಸೈಜ್ ಮಾಡಿಬಿಡುತ್ತದೆ. ರಸ್ಟ್‌ನ ಬಗ್ ಡಿಕ್ಟ್, ಸೆಟ್ ಇವೆರಡರಲ್ಲಿ ಎಲ್ಲಿ ಬರಬಹುದಿತ್ತು, ಏಕೆ ಬರಲಿಲ್ಲ? ಕಾಗದ, ಪೆನ್ಸಿಲ್ ಹಿಡಿದು ನೀವೇ ಉತ್ತರಿಸಿ.