ಪ್ರಾಚೀನ ವಾದ್ಯಗಳೂ ಪಾಠನಿರ್ಣಯವೂ

ಯೂರೋಪಿನ ಸಂಗೀತ ಚರಿತ್ರಕಾರರು ಸುಮಾರು 1600ರಿಂದ 1750ರವರೆಗಿನ ಕಾಲವನ್ನು ‘ಬರೋಕ್’ ಎಂಬ ಹೆಸರಿನಿಂದ ವ್ಯವಹರಿಸುತ್ತಾರೆ. ಆ ಕಾಲದ ಕೃತಿಗಳು ಸ್ವರಲಿಪಿಯಲ್ಲಿ ಉಳಿದು ಬಂದಿವೆ. ಅವುಗಳನ್ನು ನುಡಿಸುತ್ತಿದ್ದ ಪರಂಪರೆ ಮಾತ್ರ ನಡುವೆ ಕಡಿದುಹೋಯಿತು. ಗ್ರಂಥವಿದ್ದು ಪಾಠಕ್ರಮವು ಮರೆತುಹೋದಾಗ ಪಂಡಿತರಿಗೆ ಒದಗುವ ಸಂಕಟವೇ ಅಲ್ಲಿನ ವಾದಕರಿಗೂ ಒದಗಿತು. ಇದಕ್ಕೆ ಪರಿಹಾರವನ್ನು ಹುಡುಕಿದವರಲ್ಲಿ ವಿಯೆನ್ನಾ ನಗರದ ‘ಕೊನ್ಸೆಂಟುಸ್ ಮ್ಯೂಸಿಕುಸ್’ ಎಂಬ ಸಣ್ಣ ಮೇಳವು ಮುಖ್ಯವಾದುದು.

ನಿಕೊಲಾಸ್ ಹಾರ್ನೋನ್‌ಕೋರ್ಟ್ (1929–2016) ಎಂಬವರು ಆ ನಗರದ ದೊಡ್ಡ ವಾದ್ಯವೃಂದವೊಂದರಲ್ಲಿ ಸೆಲ್ಲೋವಾದಕರಾಗಿದ್ದರು. ಪಿಟೀಲುವಾದಕಿಯಾದ ಪತ್ನಿ ಆಲಿಸ್ ಅವರೊಡನೆಯೂ ಕೆಲವು ಸ್ನೇಹಿತರೊಡನೆಯೂ 1953ರಲ್ಲಿ ಅವರು ಈ ಮೇಳವನ್ನು ಕಟ್ಟಿದರು. ಮೊದಲನೆಯ ಸಾರ್ವಜನಿಕ ಕಛೇರಿ ನಡೆದುದು 1957ರಲ್ಲಿ. ನಡುವಣ ನಾಲ್ಕು ವರ್ಷಗಳು ಹಳೆಯ ವಾದ್ಯಗಳ ಅನ್ವೇಷಣೆ, ಲಕ್ಷಣಗ್ರಂಥಗಳ ವ್ಯಾಸಂಗ, ಅಭ್ಯಾಸ, ಇವುಗಳಲ್ಲಿ ಕಳೆದುವು. ಇಂದಿನ ಅವಸರದ ಕಾಲದಲ್ಲಿ ಇಂತಹ ತಾಳ್ಮೆ ಅಪೂರ್ವವೇ ಸರಿ.

ಪಿಟೀಲು ಹಿಂದೆಯೂ ಇದ್ದಿತು, ಇಂದೂ ಇದೆ. ಹೀಗಿರುವಲ್ಲಿ ಹಳೆಯದರ ಹಂಬಲವೇಕೆಂದು ಶಂಕೆ ಹುಟ್ಟಬಹುದು. ಹೆಸರು ಒಂದೇ ಆದರೂ ವಸ್ತು ಒಂದೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಶಾಲವಾದ ಸಭಾಭವನಗಳಿಗೆ ತಕ್ಕ ಧ್ವನಿ ಬೇಕಾಗಿ ಪಿಟೀಲಿನ ಕತ್ತನ್ನು ಉದ್ದ ಮಾಡಿ ಹಿಂದಕ್ಕೆ ಬಾಗಿಸಿದರು. ಒಳಗಣ ಮರದ ಪಟ್ಟಿಯನ್ನು ದಪ್ಪ ಮಾಡಿದರು. ಸ್ಟ್ರಾಡಿವೇರಿಯ ಕೈಯಿಂದ ಹೊರಟ ವಾದ್ಯಗಳಲ್ಲಿ ಬಹುಪಾಲು ಈ ಶಸ್ತ್ರಚಿಕಿತ್ಸೆಗೆ ಒಳಗಾದುವು. ಹೊರಕ್ಕೆ ಬಾಗಿದ್ದ ಕಮಾನು ಒಳಕ್ಕೆ ಬಾಗಿತು. ಕರುಳಿನ ತಂತಿಯ ಸ್ಥಾನವನ್ನು ಮುಂದೆ ಲೋಹದ ತಂತಿ ಆಕ್ರಮಿಸಿತು.

ಇದರ ಫಲವೇನೆಂಬುದಕ್ಕೆ ಬಾಖನ ಎರಡನೆಯ ಬ್ರಾಂಡೆನ್‌ಬುರ್ಗ್ ಕೃತಿಯೇ ಉತ್ತಮ ನಿದರ್ಶನ. ಆರು ಕೃತಿಗಳ ಈ ಸಂಪುಟವನ್ನು ಬಾಖನು 1721ರ ಮಾರ್ಚಿ 24ರಂದು ಬ್ರಾಂಡೆನ್‌ಬುರ್ಗಿನ ಅರಸುಕುಮಾರನಿಗೆ ಅರ್ಪಿಸಿದನು. ಅದು ಅಚ್ಚಾದುದು 1850ರಲ್ಲಿ. ಎರಡನೆಯದರಲ್ಲಿ ತುತ್ತೂರಿ, ರೆಕಾರ್ಡರ್ ಎಂಬ ಮರದ ಕೊಳಲು, ಓಬೋ, ಪಿಟೀಲು ಈ ನಾಲ್ಕೂ ಸಮಾನ ಪದವಿಯ ನಾಯಕರು. ಈಗಿನ ತುತ್ತೂರಿಯ ಎದುರಿನಲ್ಲಿ ಆ ಕೊಳಲು ನುಡಿಯಿತೋ ಇಲ್ಲವೋ ಎಂಬುದೇ ಸಂದೇಹ. ಕೊಳಲಿಗೆ ಬಾಖನು ಅಷ್ಟು ಮುಖ್ಯವಾದ ಮಾತನ್ನು ಏಕೆ ಒಪ್ಪಿಸಿದನೆಂದು ಕೇಳುವವನಿಗೆ ತಿಳಿಯುವುದಿಲ್ಲ. ದೋಷವು ಕವಿಯದೆಂದೇ ತೋರುತ್ತದೆ. 1964ರಲ್ಲಿ ಕೊನ್ಸೆಂಟುಸ್ ಮೇಳದವರು ಈ ಕೃತಿಗಳನ್ನು ಹಳೆಯ ವಾದ್ಯಗಳಲ್ಲಿ ನುಡಿಸಿ ಧ್ವನಿಮುದ್ರಿಸಿದರು. ಅಲ್ಲಿ ತುತ್ತೂರಿಯ ಧ್ವನಿ ಮೃದು. ಕೊಳಲಿನ ಉಕ್ತಿಗೆ ಅದು ಪ್ರತ್ಯುಕ್ತಿಯಾಗುತ್ತದೆಯೇ ಹೊರತು ಆಕ್ರಮಣವಾಗುವುದಿಲ್ಲ. ಅಸಂಬದ್ಧವೆಂದು ತೋರುತ್ತಿದ್ದ ಪಂಕ್ತಿಯು ಸರಿಯಾದ ಪಾಠವು ದೊರೆತೊಡನೆ ಅನ್ವಯವಾಗುವಂತೆ ಇಲ್ಲಿಯೂ ಆಯಿತು. ಈ ಮೇಳದ ನಿಜವಾದ ಸಾಧನೆ ಇದೇ: ಭಾಗಭಾಗಗಳ ನಡುವಣ ಔಚಿತ್ಯವನ್ನು ಅದು ಮರಳಿ ತಂದುಕೊಟ್ಟಿತು.

ಆದರೆ ಈ ಬಗೆಯ ಮೇಳಗಳ ಅಭಿಮಾನಿಗಳು ಇಷ್ಟಕ್ಕೆ ತೃಪ್ತರಾಗದೆ, ಬಾಖನು ಕೇಳಿದ ನಾದವೇ ಇದೆಂದು ಸಾಧಿಸಹೊರಟರು. ಈ ಪಕ್ಷವು ನಿಲ್ಲತಕ್ಕದ್ದಲ್ಲ. ಲಕ್ಷಣಗ್ರಂಥಗಳಲ್ಲಿಯೇ ಪರಸ್ಪರ ವಿರೋಧವುಂಟು. ಪಿಟೀಲಿನಲ್ಲಿ ಸ್ವರವನ್ನು ಕಂಪಿಸುವ ವಿಷಯವನ್ನೇ ನೋಡಬಹುದು. 1751ರಲ್ಲಿ ಜೆಮಿನಿಯಾನಿಯು ಕಂಪನವನ್ನು ಆದಷ್ಟು ಹೆಚ್ಚಾಗಿ ಬಳಸಬೇಕೆಂದು ವಿಧಿಸಿದನು. 1756ರಲ್ಲಿ ಲೇಯೊಪೋಲ್ಡ್ ಮೋಟ್ಸಾರ್ಟನು ಪ್ರತಿಯೊಂದು ಸ್ವರದಲ್ಲಿಯೂ ನಡುಗುವ ವಾದಕರನ್ನು ಹಾಸ್ಯ ಮಾಡಿದನು. ಬಾಖನು ತೀರಿಕೊಂಡುದು 1750ರಲ್ಲಿ. ಈ ಇಬ್ಬರಲ್ಲಿ ಯಾರ ಮತವು ಅವನಿಗೆ ಸಮ್ಮತವೆಂದು ಹೇಳುವವರಾರು? ಶ್ರುತಿಯ ಮಾತೂ ಹಾಗೆಯೇ. ಆ ಕಾಲದಲ್ಲಿ ಶ್ರುತಿಯು ಊರಿನಿಂದ ಊರಿಗೆ ಬೇರೆಯಾಗಿದ್ದಿತು. ಈಗಿನ ಮೇಳಗಳು ಬಳಸುವ, ಸೆಕೆಂಡಿಗೆ 415 ಕಂಪನಗಳ ಶ್ರುತಿಯು ಇಪ್ಪತ್ತನೆಯ ಶತಮಾನದವರು ಸೌಕರ್ಯಕ್ಕಾಗಿ ಮಾಡಿಕೊಂಡ ಒಡಂಬಡಿಕೆ. ಹಳೆಯ ಮಾದರಿಯವೆಂದು ಇಂದು ಊದುವ ತುತ್ತೂರಿಗಳಲ್ಲಿ ಎಷ್ಟೋ ವಾದ್ಯಗಳಿಗೆ ಸ್ವರಶುದ್ಧಿಗಾಗಿ ರಂಧ್ರಗಳನ್ನು ಕೊರೆದಿರುತ್ತಾರೆ. ಬಾಖನ ಕಾಲದ ತುತ್ತೂರಿಗೆ ಅವು ಇರಲಿಲ್ಲ. ಪ್ರತಿಯಲ್ಲಿಲ್ಲದ ಅಕ್ಷರವನ್ನು ಸೇರಿಸಿ ಅದನ್ನು ಕಂಸದಲ್ಲಿಡದ ಸಂಪಾದಕನ ಕೆಲಸವಿದು.

ಅಮೆರಿಕದ ವಿದ್ವಾಂಸ ರಿಚರ್ಡ್ ಟಾರಸ್ಕಿನ್ ಅವರು 1995ರಲ್ಲಿ ಪ್ರಕಟವಾದ ಲೇಖನಸಂಗ್ರಹದಲ್ಲಿ, ಈ ‘ಪ್ರಾಚೀನ’ ಶೈಲಿಯು ವಸ್ತುತಃ ಇಪ್ಪತ್ತನೆಯ ಶತಮಾನದ ಅಭಿರುಚಿಯೇ ಎಂದು ವಾದಿಸಿದರು. ಈ ವಾದದಲ್ಲಿ ತಥ್ಯವು ಬಹಳವಿದೆ. ಆದರೂ ಅದರಿಂದ ತುತ್ತೂರಿ-ಕೊಳಲುಗಳ ನಿದರ್ಶನವು ಬಾಧಿತವಾಗುವುದಿಲ್ಲ. ವಾದಕನ ಅಭಿರುಚಿ ಯಾವ ಕಾಲದ್ದಾದರೂ ಆ ಎರಡು ವಾದ್ಯಗಳ ಬಲಾಬಲವು ಕಿವಿಗೆ ಪ್ರತ್ಯಕ್ಷವಾಗಿಯೇ ಇದೆ.

ಹಾರ್ನೋನ್‌ಕೋರ್ಟರ ನಡೆವಳಿಕೆಯೂ ಅಭಿಮಾನಿಗಳ ಪಕ್ಷಕ್ಕೆ ಅನುಕೂಲವಾಗಿಲ್ಲ. 1975ರಿಂದ ಅವರು ಆಮ್‌ಸ್ಟರ್‌ಡಾಮಿನ ಕೊನ್ಸರ್ಟ್‌ಖೆಬೌ ವೃಂದದ ಆಧುನಿಕ ವಾದ್ಯಗಳಿಂದಲೇ ಬಾಖನ ಕೃತಿಗಳನ್ನು ನುಡಿಸಿದರು. ವಾದ್ಯವೇ ಸರ್ವಸ್ವವೆಂದು ಅವರು ಎಣಿಸಿದ್ದರೆ ಇದು ಸಾಧ್ಯವಿರಲಿಲ್ಲ. ಗುಸ್ಟಾಫ್ ಲೇಯೊನ್‌ಹಾರ್ಟರೊಡನೆ ಹಂಚಿಕೊಂಡು, 1971ರಿಂದ 1990ರವರೆಗೆ ಬಾಖನ ದೇವಾಲಯಗೀತಗಳನ್ನು ಧ್ವನಿಮುದ್ರಿಸಿದಾಗ, ಹಳೆಯ ಪದ್ಧತಿಯಂತೆ ತಾರಸ್ಥಾಯಿಯ ಭಾಗಗಳನ್ನು ಬಹುಮಟ್ಟಿಗೆ ಬಾಲಕರಿಂದಲೇ ಹಾಡಿಸಿದರು. ಬಾಖನ ಕಾಲದಲ್ಲಿ ಹುಡುಗರ ಕಂಠವು ಇಂದಿಗಿಂತ ತಡವಾಗಿ ಒಡೆಯುತ್ತಿತ್ತೆಂದು ಸಂಶೋಧಕರು ತೋರಿಸಿದ್ದಾರೆ; ಅಂದರೆ ಬಾಖನ ಗಾಯಕರು ಪ್ರಾಯದಲ್ಲಿಯೂ ಶಿಕ್ಷಣದಲ್ಲಿಯೂ ಹೆಚ್ಚು ಪಕ್ವರು. ಈ ಮುದ್ರಿಕೆಗಳಲ್ಲಿ ಅಲ್ಲಲ್ಲಿ ಎಳೆಯ ಕಂಠಗಳು ದೀರ್ಘವಾದ ಪಂಕ್ತಿಗಳಲ್ಲಿ ಉಸಿರಿಗೆ ತಡವರಿಸುವುದು ಕೇಳಿಬರುತ್ತದೆ. ಅವುಗಳ ಹಿಂದೆ ಕರುಳಿನ ತಂತಿಗಳ ಪಿಟೀಲುಗಳೂ ಮರದ ಕೊಳಲುಗಳೂ ಆ ಉಸಿರನ್ನು ಮುಚ್ಚಿಬಿಡದೆ ನುಡಿಯುತ್ತಿರುತ್ತವೆ.